ಬಾಯಿ

ಮಿಲ್ಲಿನ ಬೋರ್ಡಿನ ಮೇಲೆ ಚಂದ್ರಭಾಗಾಬಾಯಿ ಪಟ್ಟೇದಾರ.
ಕಲಬುರಗಿ ಬಜಾರಿನಲ್ಲಿ ಬರೀ ಬಾಯಿ.
ಹೆಸರಿನ ಕಡೆಗೊಂದು, ಮುಖದ ಮೇಲೊಂದು,
ಎರಡೂ ಮುಚ್ಚಿದ್ದನ್ನು ಯಾರೂ ನೋಡಿಲ್ಲ.

ತೊಗರಿ ಮಾರಿದ ರೊಕ್ಕದಲ್ಲಿ ಫುಟ್‌ಬಾಲ್ ಟೀಮು ಕೊಂಡಾಗ
ಅಡತಿಯವರು ನಕ್ಕರು:
"ಬಾಯಿ, ಈ ಬಿಸಿಲಿಗೆ ನೆರಳೇ ಓಡೂದಿಲ್ಲ, ಹುಡುಗರು ಓಡ್ತಾರಾ?"
"ನಿಮ್ಮ ತಕ್ಕಡಿ ಓಡ್ತದಲ್ರೀ, ಕ್ವಿಂಟಲಿಗೆ ಎರಡು ಕಿಲೋ. ಹಂಗೇ."

ಪೇಪರಿನವರು ನಾಲ್ಕು ಸಾಲೂ ಬರೆಯಲಿಲ್ಲ.
ಕ್ರಿಕೆಟ್ ಇಲ್ಲದ ದಿನ ಬರ್ರಿ ಅಂದರಂತೆ.
ಮರುತಿಂಗಳು ಮಿಲ್ಲಿನ ಮಾಳಿಗೆ ಮೇಲೆ ಚಾನೆಲ್ಲು,
ದನಿ ಒಡೆಯದಿರಲೆಂದು ಗೋಡೆಗೆ ಗೋಣಿಚೀಲ,
ಮೈಕಿನ ಮುಂದೆ ನಾನು,
ಹನ್ನೊಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ
ಆಳಂದ, ಅಫಜಲಪುರ, ಜೇವರ್ಗಿ ಕೂಗಿದವನು.
ಈಗಲೂ ಗೋಲಾದರೆ ಗಂಟಲಿಗೆ
ಪ್ಲಾಟ್‌ಫಾರಮ್ಮಿನ ನಂಬರು ಬಂದು ನಿಲ್ಲುತ್ತದೆ.

ಬಾಯಿ ಹೇಳಿದ್ದು ಇಷ್ಟೇ: "ಕಂಡದ್ದು ಹೇಳು.
ನನ್ನ ಟೀಮಂತ ಬೆಲ್ಲ ಹಚ್ಚಬ್ಯಾಡ."

ಶಹಾಬಾದಿನಲ್ಲಿ ಐದನೇ ಮ್ಯಾಚು. ನಾವಿಲ್ಲಿ, ಪರದೆಯೆದುರು.
ಕಡೇ ನಿಮಿಷ. ಚೆಂಡು ನಮ್ಮ ಕೀಪರ್ ರುಕ್ಮೋದ್ದೀನನ ಕೈಗೇ ಬಂದು
ಕೈಯಿಂದ ಜಾರಿ, ಕಾಲ ನಡುವೆ ನುಸುಳಿ, ಒಳಗೆ.
ಬಾಯಿ ಮೈಕು ಕಸಿದಳು.
ಏನೆಂದಳೋ ಇಲ್ಲಿ ಬರೆಯಲಾರೆ.
ಜರಡಿ ಇತ್ತು, ತೂತು ಇತ್ತು, ಅವನಪ್ಪ ಇದ್ದ.
ಸೇಡಂ ತನಕ ಕೇಳಿತು.

ಕೆಳಗೆ ಅವನವ್ವ ಹಸೀನಾಬಿ
ಬೇಳೆಯೊಳಗಿನ ಕಲ್ಲು ಆರಿಸುತ್ತಿದ್ದಳು,
ಪಕ್ಕದವಳ ಮೊಬೈಲಿಗೆ ಒಂದು ಕಿವಿ ಕೊಟ್ಟು.
ಮೊರ ಹಿಡಿದುಕೊಂಡೇ ಮಾಳಿಗೆ ಹತ್ತಿದಳು.

"ಬಾಯಿ, ಇಪ್ಪತ್ತು ವರ್ಷ ನಿಮ್ಮ ಬೇಳೆ ಆರಿಸೀನಿ.
ಒಂದೂ ಕಲ್ಲು ಉಳದಿಲ್ಲೇನು? ಉಳದಾವ.
ಆಗೆಲ್ಲ ನೀವು ಬೈದದ್ದು
ಮಿಲ್ಲಿನ ಗೋಡಿ ದಾಟಿರಲಿಲ್ಲ."

ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.
ನಾನು ನೋಡಿದೆ. ಬಾಯಿಯೂ ನೋಡಿದಳು.
ಆರಿಸಲು ಚಾಚಿದ ಕೈ ನಡುವೆಯೇ ನಿಂತಿತು.

ಕಂಡದ್ದು ಹೇಳು ಅಂದಿದ್ದಳಲ್ಲ,
ಹೇಳಿದೆ, ಬಸ್‌ಸ್ಟ್ಯಾಂಡಿನ ದನಿಯಲ್ಲೇ:
"ಪ್ರಯಾಣಿಕರ ಗಮನಕ್ಕೆ. ಬಾಯಿ ಈಗ
ಸುಮ್ಮನಿದೆ."

ಹನ್ನೆರಡು ಸೆಕೆಂಡು. ಎಣಿಸಿದೆ.
ಆಮೇಲೆ ನನ್ನ ಕಡೆ ತಿರುಗಿ,
"ಆ ಹುಡುಗನ ಕೈಗವಸು ಹರದಾವ. ಪರದೆ ಮ್ಯಾಲೆ ಕಾಣ್ತಾವ.
ತೊಂಬತ್ತು ನಿಮಿಷ ಮಾತಾಡಿದಿ.
ಹೇಳಬೇಕಿತ್ತಿಲ್ಲೋ ಇದನ್ನ?"