ವರ್ಗ

ನೀರಿನ ಬಿಲ್ಲಿನ ಮೇಜಿನಿಂದ ಎಬ್ಬಿಸಿ
ನನ್ನನ್ನು ಸ್ಮಶಾನದ ಕಚೇರಿಗೆ ಹಾಕಿದರು.
ಶ್ರೀಮತಿ ಗುಲಾಬಿ ಸಾಲ್ಯಾನ್, ಕೂಡಲೇ ಜಾರಿಗೆ ಬರುವಂತೆ.
ಅತ್ತೆ ಕೇಳಿದ್ದು ಒಂದೇ ಮಾತು:
ಸಂಜೆ ಸ್ನಾನ ಮಾಡಿಯೇ ಒಳಗೆ ಬರುತ್ತಿಯಲ್ಲ?

ಮೊದಲು ಮೂರು ದಿನ ತರಬೇತಿ.
ಲಾಲ್‌ಬಾಗಿನ ಸಭಾಂಗಣದಲ್ಲಿ ಫ್ಯಾನು ನಾಲ್ಕು, ತಿರುಗುವುದು ಎರಡು.
ಒಂದು ಚೀಲ, ಒಂದು ಪೆನ್ನು, ಕುತ್ತಿಗೆಗೊಂದು ಗುರುತಿನ ಪಟ್ಟಿ.
ಇಪ್ಪತ್ತೆರಡು ಮಂದಿಯಲ್ಲಿ ಹೆಂಗಸು ನಾನೊಬ್ಬಳೇ.
ಎಡಕ್ಕೆ ಇಗರ್ಜಿಯ ಸಮಾಧಿಗಳನ್ನು ನೋಡಿಕೊಳ್ಳುವ ಸಿಪ್ರಿಯನ್ ಮಸ್ಕರೇನಸ್,
ಬಲಕ್ಕೆ ಬಂದರು ಕಡೆಯ ಪೊಡಿಯಬ್ಬ ಬ್ಯಾರಿ.
ನಲವತ್ತು ವರ್ಷ ಗುಂಡಿ ತೋಡಿದ ಕೈ
ಪೆನ್ನನ್ನು ಹಾರೆಯ ಹಾಗೆ ಹಿಡಿದಿತ್ತು.

ಮೇಡಂ ಬೆಂಗಳೂರಿನವರು. ಪರದೆಯ ಮೇಲೆ ಚೌಕಗಳು, ಬಾಣಗಳು.
ಚೌಕದಿಂದ ಚೌಕಕ್ಕೆ ಸತ್ತವನು ಸಾಗುತ್ತಾನೆ:
ಆಸ್ಪತ್ರೆ, ಪ್ರಮಾಣಪತ್ರ, ರಶೀದಿ, ಕೀಲಿ ತೆಗೆದ ಗೇಟು.
ಕೊನೆಯ ಚೌಕದ ಆಚೆಗೆ ಬಾಣವಿಲ್ಲ.
'ಪ್ರಶ್ನೆ ಉಂಟಾ' ಎಂದು ಕೇಳಲು ಅವರು ಮಧ್ಯಾಹ್ನದೊಳಗೆ ಕಲಿತಿದ್ದರು.
ಉಂಟು, ಎಂದರು ಸಿಪ್ರಿಯನ್. ಜಾಗ ಮುಗಿದಿದೆ ಮೇಡಂ,
ಅಜ್ಜಿಯ ಗುಂಡಿಯಲ್ಲಿ ಮೊಮ್ಮಗಳು, ಅವಳ ಮೇಲೆ ಯಾರು?
ಮೇಡಂ ಬರೆದುಕೊಂಡರು.
ಪೊಡಿಯಬ್ಬ ಎದ್ದರು: ಮುರಕಲ್ಲು ಸಿಕ್ಕಿದರೆ ನಾಲ್ಕು ಗಂಟೆ,
ಹೊಯಿಗೆ ಸಿಕ್ಕಿದರೆ ನಲವತ್ತು ನಿಮಿಷ,
ನಿಮ್ಮ ಕಾಗದದಲ್ಲಿ ಎರಡಕ್ಕೂ ಒಂದೇ ಕೂಲಿ. ಅದೆಂತದು?
ಅದನ್ನೂ ಬರೆದುಕೊಂಡರು.

ಎರಡನೆಯ ದಿನ ಮಾತಿನ ಪಾಠ.
'ಬಾಡಿ' ಅನ್ನಬಾರದು.
'ಬಾಡಿ ಎಷ್ಟೊತ್ತಿಗೆ ಬರುತ್ತದೆ' ಅನ್ನಲೇಬಾರದು.
ಮತ್ತೆಂತ ಹೇಳುವುದು? ಕೋಣೆಯೆಲ್ಲ ಗುಜುಗುಜು.
ಹೆಣ ಎಂದರೆ ಜಗಳ, ಶವ ಎಂದರೆ ಪೊಲೀಸು,
ತುಳುವಿನ 'ಪುಣ' ಕಚೇರಿಯ ಮೆಟ್ಟಿಲು ಹತ್ತಿದ್ದೇ ಇಲ್ಲ.
ಮಯ್ಯತ್ತ್, ಎಂದರು ಪೊಡಿಯಬ್ಬ, ಟೊಪ್ಪಿ ಸರಿಮಾಡಿಕೊಂಡು.
ಸಿಪ್ರಿಯನ್ ಕೊಂಕಣಿಯದ್ದನ್ನು ಬಾಯಿಯವರೆಗೆ ತಂದು ನುಂಗಿದರು,
ಅವರ ಅಣ್ಣ ಹೋಗಿ ತಿಂಗಳೂ ಆಗಿರಲಿಲ್ಲ.
ನಾನು ಪುಸ್ತಕದಲ್ಲಿ 'ಬಾಡಿ' ಎಂದೇ ಬರೆದು ನೋಡುತ್ತ ಕೂತೆ.
ಎಲ್ಲಿಂದಲೋ ಬಂದ ಶಬ್ದ
ನಮ್ಮ ಬಾಯಲ್ಲಿ ಇದ್ದೂ ಇದ್ದೂ ಕನ್ನಡವೇ ಆಗಿಬಿಟ್ಟಿದೆ.
ಬಾಡಿ. ಮಲ್ಲಿಗೆ ಬಾಡಿ. ಮುಖ ಬಾಡಿ.
ಅರ್ಧಕ್ಕೆ ನಿಂತ ಕ್ರಿಯಾಪದ,
ಮುಂದೆ ಯಾರೋ ಏನೋ ಹೇಳಬೇಕಾದ್ದು.

ಮೂರನೆಯ ದಿನ ಅಭಿನಯ.
ಒಬ್ಬರು ವ್ಯವಸ್ಥಾಪಕರು, ಒಬ್ಬರು ಮನೆಯವರು.
ಮೇಜಿನ ಆಚೆ ಪೊಡಿಯಬ್ಬ, ಈಚೆ ನಾನು.
ಹೆಸರು?
ತಯಾರಿ ಮಾಡಿರಲಿಲ್ಲ. ಬಾಯಿಗೆ ಬಂದದ್ದು ಹಳೆಯ ಬಿಲ್ಲಿನ ಹೆಸರು:
ಕಮಲಾಕ್ಷ ಅಂಚನ್, ಬೋಳೂರು, ಹನ್ನೊಂದು ವರ್ಷ ಬಾಕಿ.
ನಲ್ಲಿ ಕಡಿಯುವ ನೋಟೀಸಿಗೆ ಸಹಿ ನನ್ನದೇ.
ಬಾಗಿಲು ತೆರೆಯುವವರಿಲ್ಲ ಎಂದು ವಾಪಸು ಬಂದಿತ್ತು,
ಏಕೆಂದು ನಾನು ಕೇಳಿರಲಿಲ್ಲ.
ಸಂಬಂಧ?
ನೀರು, ಎಂದೆ.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.
ಪೊಡಿಯಬ್ಬ ನಗಲಿಲ್ಲ. ತನ್ನ ಬಾಟಲಿ ನನ್ನ ಕಡೆ ದೂಡಿ
'ಕುಡೀರಿ, ಮತ್ತೆ ಬರೆಯುವ' ಎಂದರು.
ಇದು ಪಟ್ಟಿಯಲ್ಲಿ ಇಲ್ಲ, ಎಂದರು ಮೇಡಂ. ಆದರೆ ಇರಲಿ.

ಪ್ರಮಾಣಪತ್ರದಲ್ಲಿ ನನ್ನ ಹೆಸರು 'ಗುಲಾಬ್ ಸಾಲಿನ್' ಎಂದು ಬಿದ್ದಿತ್ತು.
ತಿದ್ದಿಸಲು ಅರ್ಜಿ ಕೊಡಬೇಕಂತೆ.
ಬದುಕಿರುವಾಗಲೇ ಆದರೆ ಸುಲಭ, ಎಂದ ಗುಮಾಸ್ತ.

ಸೋಮವಾರ. ಕೀಲಿ ಗೊಂಚಲು, ಸೌದೆಯ ಲೆಕ್ಕ,
ಒಂದು ಕಾಲು ಗಿಡ್ಡದ ಕುರ್ಚಿ.
ಹತ್ತೂವರೆಗೆ ದಕ್ಕೆಯಿಂದ ಫೋನು:
ಮೇಡಂ, ಒಂದು ಬಾಡಿ ಉಂಟು. ಬೋಟಿನ ಹುಡುಗ, ಒಡಿಶಾದವ.
ಹೆಸರು?
ಗೊತ್ತಿಲ್ಲ ಮಾರಾಯ್ರೆ. ನಾವೆಲ್ಲ 'ಹೀರೋ' ಅಂತ ಕರೆಯುವುದು.
ಯಾರ ಹತ್ತಿರವಾದರೂ ಕೇಳಿಕೊಂಡು ಬನ್ನಿ, ಎಂದೆ.
ತಡವಾದರೂ ಅಡ್ಡಿಯಿಲ್ಲ, ಗೇಟು ತೆರೆದಿರುತ್ತದೆ.

ಫೋನು ಇಟ್ಟು ನೋಡಿದರೆ ಹೂಜಿ ಖಾಲಿ.
ಹಿತ್ತಿಲಿನ ನಲ್ಲಿ ತಿರುಗಿಸಿದೆ.
ಮೊದಲು ಗಾಳಿ ಬಂತು,
ಆಮೇಲೆ ಕೆಂಪು,
ಆಮೇಲೆ ನೀರು.