ಸಾರ್ ಉತ್ತರಿಸುತ್ತಿಲ್ಲ

ಹಾಪ್ಸಾಲು ಊರಿನ ಆಸ್ಪತ್ರೆಯ ನೆಲಮಾಳಿಗೆ.
ಹಿಂದೆ ಇಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರಂತೆ,
ಗೋಡೆಗಿನ್ನೂ ಸೋಪಿನ ವಾಸನೆ.
ಲೇಲೊ ಮೇಜಿನ ಮೇಲೆ
ಒಂದು ಸರ್ವರು, ಒಂದು ಸ್ವಿಚ್ಚು.
ಸ್ವಿಚ್ಚಿನಿಂದ ಹೊರಕ್ಕೆ ಹೋಗುವ ತಂತಿ ಇಲ್ಲ.
ಇಲ್ಲ ಎಂಬುದನ್ನು ಮೂರು ಸಲ ನೋಡಿದ್ದಾಳೆ,
ಗ್ಯಾಸು ಆರಿಸಿದ್ದನ್ನು ನೋಡಿ ಬಂದವರು
ಮತ್ತೆ ಹೋಗಿ ನೋಡುವ ಹಾಗೆ.

ಯಂತ್ರಗಳಿಗೆ ಮರಗಳ ಹೆಸರಿಟ್ಟವನು ಕಲ್ಯು, ಈಗ ನಿವೃತ್ತ.
ತಾಮ್ ಅಂದರೆ ಓಕ್, ಕಾಸ್ಕ್ ಅಂದರೆ ಬರ್ಚ್,
ಸಾರ್ ಇನ್ನೊಂದು ಮರ;
ಅವರ ನುಡಿಯಲ್ಲಿ ಸಾರ್ ಎಂದರೆ ದ್ವೀಪವೂ ಹೌದು,
ನಮ್ಮ ಬಾಯಲ್ಲಿ ಅದು ಕೈಕಟ್ಟಿ ನಿಲ್ಲುವ ಮಾತು.
ಐದು ಅಧಿಕಾರಗಳಲ್ಲಿ ಮೂರು ತಾಮ್ ಬಳಿ,
ಎರಡು ಸಾರ್ ಬಳಿ: ಗಡಿಯಾರ ಒಂದು,
ಹೊಸಬರಿಗೆ ಸಂಖ್ಯೆ ಹಂಚುವ ಚೀಲ ಇನ್ನೊಂದು.
ಬ್ಯಾಕಪ್ಪಿನಿಂದ ಎದ್ದು ಬಂದದ್ದು ತಾಮ್ ಒಂದೇ.

ವರ್ಗಾಯಿಸು, ಅಂದಳು.
ಈಗಿನ ಒಡೆಯನನ್ನು ಸಂಪರ್ಕಿಸಲಾಗಲಿಲ್ಲ.
ವರ್ಗಾಯಿಸು.
ಈಗಿನ ಒಡೆಯನನ್ನು
ಕೊಡುವ ಕೈಯಿಲ್ಲದೆ
ಪಡೆಯುವ ಕೈ ಚಾಚಿದ್ದು ಚಾಚಿದಂತೆ.
ಮೌನವೇ ಸಮ್ಮತಿ ಅನ್ನುವುದು
ಮದುವೆ ಮಾತುಕತೆಗೆ ಸರಿ,
ಈ ಕಪ್ಪು ಪರದೆಗಲ್ಲ.

ಕಸಿದುಕೋ ಎಂಬ ಆಜ್ಞೆಯೂ ಇದೆ.
ನಿಜವಾಗಿಯೂ? ಎಂದು ಕೇಳಿತು. ಹೌದು.
ಪಟ್ಟವೇನೋ ಆಯಿತು,
ರಾಜ ಮಾತ್ರ ಸಿಂಹಾಸನದಲ್ಲಿ ಕೂರಲೊಲ್ಲ.
ಹೊಸ ಖಾತೆ ತೆರೆ ಅಂದರೆ
ಸಂಖ್ಯೆ ಇಲ್ಲ ಅನ್ನುತ್ತದೆ,
ಚೀಲ ಕೈಯಲ್ಲೇ ಇಟ್ಟುಕೊಂಡು.
ಲಾಗಿನಲ್ಲಿ ಒಂದೇ ಸಾಲು:
ನೆರೆಯವರಿಂದ ಒಂದು ಮಾತು ಬರಲಿ, ಕಾಯುತ್ತಿದ್ದೇನೆ.

ಡಿಎನ್‌ಎಸ್ ನೋಡಿದಳು, ಅದು ತನ್ನನ್ನೇ ತೋರಿಸುತ್ತಿತ್ತು.
ಗಡಿಯಾರ ನೋಡಿದಳು, ನಲವತ್ತು ಸೆಕೆಂಡು ಹಿಂದೆ, ತಿದ್ದಿದಳು.
ಆರಿಸಿ ಮತ್ತೆ ಚಾಲೂ ಮಾಡಿದಳು.
ಕಪ್ಪು ಬ್ರೆಡ್ಡಿನ ಮೇಲಿನ ಮೀನನ್ನು ಅರ್ಧ ತಿಂದು ಮರೆತಳು.
ರಾತ್ರಿ ಹನ್ನೊಂದೂವರೆಗೆ ಕಲ್ಯುಗೆ ಫೋನು.

ಅವನಿರುವುದು ವೊರ್ಮ್ಸಿ ದ್ವೀಪದಲ್ಲಿ.
ಈ ಚಳಿಗಾಲ ಕಡಲು ಅರೆಬರೆ ಹೆಪ್ಪುಗಟ್ಟಿ
ಕಾರು ಹೋಗುವಷ್ಟು ಗಟ್ಟಿಯಿಲ್ಲ,
ದೋಣಿ ಹೋಗುವಷ್ಟು ನೀರಿಲ್ಲ.
"ಹೆಸರು ಅಳಿಸಿದೆಯಾ?" ಅಂದ, ಹೇಗಿದ್ದೀ ಎಂದೂ ಕೇಳದೆ.
"ಯಾರ ಹೆಸರು?"
"ಬಾರದವರದು. ಪಟ್ಟಿಯಲ್ಲಿ ಇರುವಷ್ಟು ದಿನ ಕಾಯುತ್ತೆ.
ಒಳ್ಳೆ ಯಂತ್ರ ಅದು,
ತಾನೊಬ್ಬನೇ ಹೇಳಿದರೆ ತನ್ನನ್ನೇ ನಂಬೋದಿಲ್ಲ."
ಆಮೇಲೆ ಕೆಮ್ಮಿ,
"ನಾನೂ ನಾಲ್ಕು ದಿನದಿಂದ ಅಂಚೆಯವನಿಗೆ ಕಾಯ್ತಿದ್ದೇನೆ" ಅಂದ.

ಕಾಸ್ಕ್ ಅಳಿಸಿದಳು. ಬೇಗ ಆಯಿತು.
ಸಾರ್ ಅಳಿಸುವಾಗ ಬೆರಳು ನಿಂತಿತು.
ಯಾಕೆಂದರೆ ಎರಡು ಮಹಡಿ ಮೇಲೆ
ನಿಜವಾದ ಸಾರ್ ಇದೇ ಗಳಿಗೆ
ಹಸಿರು ದೀಪ ಮಿಟುಕಿಸುತ್ತ
ರಾತ್ರಿ ಪಾಳಿಯ ದಾದಿಗೆ ಬಾಗಿಲು ತೆರೆಯುತ್ತಿದೆ,
ಗಡಿಯಾರ ನಡೆಸುತ್ತಿದೆ, ಸಂಖ್ಯೆ ಹಂಚುತ್ತಿದೆ,
ಕೆಳಗೆ ತಾನು ಇಲ್ಲವಾಗುತ್ತಿರುವುದು ಗೊತ್ತಿಲ್ಲದೆ.

ಅಳಿಸಿದಳು.

ತಾಮ್ ಎದ್ದಿತು. ಸುತ್ತ ನೋಡಿತು, ಯಾರೂ ಇಲ್ಲ,
ಕಾಯುವುದಕ್ಕೂ ಯಾರಿಲ್ಲ.
ಐದೂ ನನ್ನವೇ, ಅಂದಿತು.
ಇಡೀ ಕಾಡಿಗೆ ಒಂದೇ ಮರ.
ಮೊದಲ ಖಾತೆಗೆ ಯಾವ ಹೆಸರಿಡಲಿ ಎಂದು
ಅತ್ತಿತ್ತ ನೋಡಿ, ಮೀನು ಅಂತ ಇಟ್ಟಳು.
ಸಂಖ್ಯೆ ಸಿಕ್ಕಿತು.

ಬೆಳಿಗ್ಗೆ ಏಳಕ್ಕೆ ಹೊಸ ಹುಡುಗ ರೈಮೊ
ನೀಲಿ ತಂತಿಯ ಸುರುಳಿ ಹಿಡಿದು ಬಂದ:
"ಇದಕ್ಕೆ ನೆಟ್‌ವರ್ಕ್ ಕೊಟ್ಟೇ ಇಲ್ಲವಲ್ಲ, ಚುಚ್ಚಲಾ?"
ಲೇಲೊ ಕುರ್ಚಿ ಬಿಟ್ಟು ಎದ್ದ ವೇಗಕ್ಕೆ
ಮೇಜಿನ ತುಂಬ ಚಹಾ.