ಗಂಟು ಕೂರಲಿಲ್ಲ

ದೆಬೆದ್ ಹೊಳೆಯ ಮೇಲಿನ ಗುಡ್ಡದಲ್ಲಿ
ಮಾಡು ಕುಸಿದ ಒಂದು ಪುಟ್ಟ ಇಗರ್ಜಿ,
ಪಕ್ಕದಲ್ಲೊಂದು ಕಾಡು ಪೇರ್ ಮರ.
ಎಲೆಗಿಂತ ಚಿಂದಿಯೇ ಹೆಚ್ಚು ಅದಕ್ಕೆ:
ಕರವಸ್ತ್ರ, ಲಂಗದ ಅಂಚು, ಕೂಸಿನ ಕಾಲುಚೀಲ.
ಕಟ್ಟಿದರೆ ಭಾರ ಅಲ್ಲೇ ಉಳಿಯುತ್ತದೆ,
ತಿರುಗಿ ನೋಡದೆ ಇಳಿಯಬೇಕು
ಎನ್ನುತ್ತಾರೆ ಆ ಕಡೆಯ ಜನ.

ಶುಶಾನಿಕ್ ಹತ್ತಿದಳು, ಎಪ್ಪತ್ತೊಂದರ ಮೊಣಕಾಲಲ್ಲಿ.
ಮುಷ್ಟಿಯೊಳಗೆ ಕೆಂಪು ಬಟ್ಟೆಯ ಪಟ್ಟಿ.
ಹೊತ್ತು ತಂದದ್ದು ಮಾತ್ರ ಒಂದಾಳೆತ್ತರದ ಮಗ್ಗ,
ಅಕ್ರೋಟ ಮರದ್ದು, ಅಪ್ಪ ಕೆತ್ತಿದ್ದು.
ಕರೆಂಟಿಲ್ಲದ ಆ ಚಳಿಗಾಲ
ತಂಗಿ ಹಾಯ್ಕನುಶ್ ಅದನ್ನು ಕೊಡಲಿಯಲ್ಲಿ ಸೀಳಿ
ಒಲೆಗಿಟ್ಟಳು. ಮೂರು ರಾತ್ರಿ ಉರಿಯಿತು.
ಅರ್ಧ ನೇಯ್ದ ರತ್ನಗಂಬಳಿ
ಜ್ವರದ ಮಗುವಿಗೆ ಹೊದಿಕೆಯಾಯಿತು.
ಮಗು ಬದುಕಿತು.
ಅದಕ್ಕೇ ಈ ಸಿಟ್ಟನ್ನು
ಯಾರೆದುರೂ ಬಿಚ್ಚುವಂತಿರಲಿಲ್ಲ.
ಪಾದ್ರಿಯ ಮುಂದೆ ಕೂಡ ಮೂವತ್ತು ವರ್ಷ
ಬೇರೆ ಬೇರೆ ಪಾಪಗಳನ್ನೇ ಹೇಳಿಕೊಂಡಳು.

ಗಂಟು ಹೊಸತಲ್ಲ ಅವಳಿಗೆ.
ಸಾಲಿಗಿಷ್ಟು, ಹೂವಿಗಿಷ್ಟು ಎಂದು
ಲೆಕ್ಕ ತಪ್ಪದೆ ಹಾಕಿದ ಕೈ.
ಈಗ ಬೆರಳ ಕೀಲೇ ಗಂಟು ಗಂಟು.
ರೆಂಬೆಗೆ ಸುತ್ತಿದಳು, ಜಾರಿತು.
ಹಲ್ಲಲ್ಲಿ ಕಚ್ಚಿ ಎಳೆದಳು, ನಾರು ಬಾಯಿಗೆ ಬಂತು.
ಮೂರನೆಯ ಸಲ ಗಾಳಿ ಕಿತ್ತುಕೊಂಡಿತು;
ಕೆಳಗೆ ಮೇಯುತ್ತಿದ್ದ ಯಾರದೋ ಮೇಕೆ
ಮೂಸಿತು, ಜಗಿಯಿತು, ನುಂಗಿಯೇಬಿಟ್ಟಿತು.
ಅದರಪ್ಪನ ಗಂಟೇನು ಹೋಗುತ್ತೆ!

ಹರಕೆ ಸಂದದ್ದು ದೇವರಿಗೋ ಮೇಕೆಗೋ,
ಶುಶಾನಿಕಳಿಗೆ ನಗು ಬಂತು.
ಮೊದಲು ಕೆಮ್ಮು ಅಂದುಕೊಂಡಳು.
ಗೋಡೆಗೊರಗಿ ಕೂತು ಕಣ್ಣೊರೆಸಿಕೊಂಡು
ನೋಡಬಾರದೆಂಬುದನ್ನೂ ಮರೆತು
ಎರಡೆರಡು ಸಲ ತಿರುಗಿ ನೋಡುತ್ತ ಇಳಿದಳು.

ರಸ್ತೆಯಲ್ಲಿ ಸೇರೊಬನ ವ್ಯಾನು.
ಆ ಜ್ವರದ ಮಗು; ಈಗ ಬೋಳುತಲೆ, ತುಟಿಯಲ್ಲಿ ಸಿಗರೇಟು.
ಅವನು ಬಂದಾಗೆಲ್ಲ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿ
ಮುಂದಿನ ವ್ಯಾನಿಗೆ ಕಾಯುವುದು ಅವಳ ರೂಢಿ.
ಇವತ್ತು ದಾರ ನಿಜಕ್ಕೂ ಬಿಚ್ಚಿತ್ತು.
ಹಾಗೆಯೇ ಹತ್ತಿದಳು.
ಅವನು ಸಿಗರೇಟು ಆರಿಸಿದ. ದುಡ್ಡು ಬೇಡವೆಂದ.
ಮೂರು ತಿರುವು ಕಳೆದ ಮೇಲೆ,
"ನಿಮ್ಮಮ್ಮ ಈಗಲೂ ಬರಿಗಾಲಲ್ಲೇ ಹಿಮಕ್ಕಿಳಿಯುತ್ತಾಳೇನೋ?"
ಅಂದಳು, ಬೈಯುವ ಹಾಗೆ.
ಉತ್ತರ ಎಂಜಿನ್ನಿನ ಸದ್ದಲ್ಲಿ ಸರಿಯಾಗಿ ಕೇಳಿಸಲಿಲ್ಲ.
ಮತ್ತೆ ಕೇಳಲು ಬಾಗಿದಳು,
ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದು.
ರಸ್ತೆ ಹಾಗಿತ್ತು.